ಎಡಬಾಗಿಲಿನ ಗಾಜು

ಚಟ್ಟಕ್ಕೆ ಕೊನೆಯ ಗಂಟು ಬಿಗಿಯುತ್ತಿದ್ದಾಗ ಭುಜಂಗರಾಯರ ಮೊಬೈಲು ಮತ್ತೆ ಹೊಡೆದುಕೊಂಡಿತು. ಪರದೆಯ ಮೇಲೆ ‘ಫಿಯೆಟ್ ಗ್ಲಾಸ್, ಔರಂಗಾಬಾದ್’ ಎಂದು ಮೂಡಿತು. ಹೆಂಡತಿ ಕುಸುಮಾವತಿ ಕರೆಯನ್ನು ಕತ್ತರಿಸಿ ಮೊಬೈಲನ್ನು ಮಡಿಲಿಗೆ ಹಾಕಿಕೊಂಡರು. ಮನುಷ್ಯ ಸತ್ತು ಮಲಗಿದ್ದಾರೆ, ಈ ಗುಜರಿಯವನಿಗೆ ಗಾಜಿನ ಚಿಂತೆ!

ಬೆಳಿಗ್ಗೆ ಔರಂಗಾಬಾದಿನ ಬಸ್ಸಿಗೆಂದು ಹೊರಟವರು ಚಪ್ಪಲಿ ಮೆಟ್ಟುತ್ತಿದ್ದಂತೆ ಎದೆ ಹಿಡಿದುಕೊಂಡು ಕುಸಿದಿದ್ದರು. ಊರಿನ ಹೆಸರು ಈಗ ಸಂಭಾಜಿನಗರವಾದರೂ ರಾಯರ ಬಾಯಲ್ಲಿ ಅದು ಔರಂಗಾಬಾದೇ. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಲಿಗ್ರಾಮದಿಂದ ನಾಸಿಕಕ್ಕೆ ಬಂದು, ಹೋಟೆಲಿನ ಗಲ್ಲಾದ ಮುಂದೆ ಕೂತೇ ಕೂದಲು ನರೆಸಿಕೊಂಡ ಮನುಷ್ಯ ಯಾರಿಗೂ ತೊಂದರೆ ಕೊಡದೆ ಹೊರಟೇ ಹೋದರು.

ಮಗ ವರುಣ ಒದ್ದೆ ಪಂಚೆಯಲ್ಲೇ ಬಂದು ಪಕ್ಕದಲ್ಲಿ ಕೂತ.

“ಅಮ್ಮ, ಅಕ್ಕನಿಗೆ ಒಂದು ಫೋನ್... ನಂಬರ್ ಹೇಗಾದ್ರೂ ಹುಡುಕ್ತೇನೆ.”

“ಬೇಡ.”

“ಅಪ್ಪನ ಮುಖ ನೋಡ್ಲಿಕ್ಕಾದ್ರೂ...”

“ಬೇಡ ಅಂದೆ ಅಲ್ವಾ? ಹೊತ್ತಾಯ್ತು ಅಂತ ಭಟ್ರಿಗೆ ಹೇಳು, ಹೋಗು.”

*

ಮಗಳು ಶ್ರೀಜಾಳನ್ನು ಕುಸುಮಾವತಿ ತಮ್ಮ ಅಣ್ಣನ ಮಗನಿಗೇ ಕೊಟ್ಟು ಮದುವೆ ಮಾಡಿದ್ದರು. ವರ್ಷ ತುಂಬುವ ಮೊದಲೇ ಹುಡುಗಿ ಒಂದು ಚೀಲ ಹಿಡಿದುಕೊಂಡು ಇದೇ ಮನೆಯ ಗೇಟಿನ ಮುಂದೆ ಬಂದು ನಿಂತಳು. ಅಲ್ಲಿ ಬಾಳಲಾರೆ ಎಂದಳು. ಯಾಕೆಂದು ತಾಯಿ ಕೇಳಲಿಲ್ಲ. ಅಣ್ಣ ಫೋನಿನಲ್ಲಿ ಆಡಿದ ಮಾತುಗಳು ಇನ್ನೂ ಕಿವಿಯಲ್ಲಿ ಕುದಿಯುತ್ತಿದ್ದವು.

“ನನ್ನ ತವರಿನ ಬಾಗಿಲು ಮುಚ್ಚಿಸಿದೆ ನೀನು. ನಾನು ಇರುವ ತನಕ ಈ ಗೇಟು ದಾಟ್ಬೇಡ,” ಎಂದರು ಕುಸುಮಾವತಿ.

ರಾಯರು ಹೆಂಡತಿಯ ಮುಖ ನೋಡಿದರು, ಮಗಳ ಮುಖ ನೋಡಿದರು, ತುಟಿ ಬಿಚ್ಚಲಿಲ್ಲ. ಜಗಳವೆಂದರೆ ಆಗದ ಜೀವ ಅದು. ಹುಡುಗಿ ಸಂಭಾಜಿನಗರದಲ್ಲಿ ಕೆಲಸ ಹಿಡಿದಳೆಂದು ಯಾರೋ ಹೇಳಿದರು. ಆಮೇಲೆ ಮನೆಯಲ್ಲಿ ಅವಳ ಹೆಸರನ್ನೇ ಯಾರೂ ಎತ್ತಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ರಾಯರು ಓಝರಿನ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬರ ಹತ್ತಿರ ತುಕ್ಕು ಹಿಡಿದ ಹಳೆಯ ಫಿಯೆಟ್ ಕಾರು ಕೊಂಡು ತಂದರು. ಎಂಜಿನ್ನು ಓಡಿತು, ಹೊಸ ಬಣ್ಣ ಹೊಳೆಯಿತು. ಎಡಬಾಗಿಲಿನ ಗಾಜು ಮಾತ್ರ ಬಾಗಿಲೊಳಗೆ ಬಿದ್ದುಕೊಂಡಿತ್ತು. ಹಿಡಿ ತಿರುಗಿಸಿದಾಗ ಅದನ್ನು ಮೇಲೆತ್ತುವ ಮೆಷೀನು ಕೆಟ್ಟು ಕೂತಿತ್ತು. ಅಷ್ಟು ಹಳೆಯ ಸಾಮಾನು ಔರಂಗಾಬಾದಿನ ಗುಜರಿ ಅಂಗಡಿಗಳಲ್ಲೇ ಸಿಗಬೇಕೆಂದು ತಿಂಗಳು ತಿಂಗಳೂ ಬಸ್ಸು ಹತ್ತಿದರು. ಪ್ರತಿ ಸಲವೂ ಬರಿಗೈಯಲ್ಲಿ ಬಂದರು. ಒಮ್ಮೆ ಸಿಕ್ಕಿದ್ದು ಬಲಬಾಗಿಲಿನದು, ಒಮ್ಮೆ ಹಲ್ಲು ಸವೆದದ್ದು, ಇನ್ನೊಮ್ಮೆ ಬೇರೆ ಮಾಡೆಲ್ಲಿನದು.

“ಒಂದು ಗಾಜಿಗೆ ಇಷ್ಟು ಸುತ್ತುವವರು ನೀವೊಬ್ರೇ,” ಎಂದು ಕುಸುಮಾವತಿ ಛೇಡಿಸುತ್ತಿದ್ದರು. “ಆ ಗುಜರಿಯವ ನಿಮ್ಮನ್ನು ಮಂಗ ಮಾಡ್ತಿದ್ದಾನೆ.”

“ಹಳೇ ಗಾಡಿ ಮಾರಾಯ್ತಿ, ತಾಳ್ಮೆ ಬೇಕು,” ಎಂದು ರಾಯರು ನಗುತ್ತಿದ್ದರು. ಹೋಗಿ ಬಂದ ರಾತ್ರಿ ಹೊಟ್ಟೆ ತುಂಬಿದೆ, ಊಟ ಬೇಡ ಎಂದು ಮಲಗಿಬಿಡುತ್ತಿದ್ದರು.

*

ಗದಗ ಕಡೆಯ ಮೆಕ್ಯಾನಿಕ್ ಲಾಲಸಾಬ ಆ ಫಿಯೆಟ್ ರಿಪೇರಿ ಮಾಡಿದವನು. ಬಂದವನೇ ರಾಯರ ಕಾಲು ಮುಟ್ಟಿ, ಮುಖವನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡು ಅತ್ತ.

“ಇಂಥಾ ಮನಷ್ಯಾ ಎಲ್ಲಿ ಸಿಗಬೇಕ್ರಿ ಅಕ್ಕಾರ.”

“ಆ ಗಾಜಿನ ಹುಚ್ಚೇ ಅವರನ್ನು ತಿಂತು, ಲಾಲಸಾಬಾ. ಇವತ್ತೂ ಅದಕ್ಕೇ ಹೊರಟಿದ್ರು.”

ಲಾಲಸಾಬ ಟವೆಲ್ ಇಳಿಸಿದ. “ಯಾವ ಕಾಚ್ರಿ? ಅದರ ಮಷೀನ ನಾನ ಮಾಲೇಗಾಂವದಾಗ ಹುಡುಕಿ ತಂದಿದ್ನೆಲ್ರಿ, ಕೊರೊನಾ ಮುಗದ ವರ್ಷಾನ. ಕೂಡಸ್ತೀನ್ರಿ ಅಂದ್ರ, ಬ್ಯಾಡೋ, ನಿನ್ನ ಗ್ಯಾರೇಜದಾಗ ಇಟ್ಕೊ ಅಂದ್ರು. ಯಾಕ್ರಿ ಅಂದೆ. ಗಾಡಿ ರೆಡಿ ಆತಂದ್ರ ನಾ ಔರಂಗಾಬಾದಿಗೆ ಏನಂತ ಹೇಳಿ ಹೋಗ್ಲಿ ಅಂದ್ರು. ನಕ್ಕೋಂತ ಅಂದ್ರು, ನಾನೂ ನಕ್ಕುಬಿಟ್ಟೆ.”

ಮಡಿಲಲ್ಲಿ ಮೊಬೈಲು ಮತ್ತೆ ನಡುಗಿತು. ಕುಸುಮಾವತಿ ಅದನ್ನೇ ನೋಡಿದರು. ಈ ಸಲ ಕತ್ತರಿಸಲಿಲ್ಲ, ಕಿವಿಗಿಟ್ಟುಕೊಂಡರು.

“ಅಪ್ಪಾ, ಎಷ್ಟು ಸಲ ಮಾಡುದು? ಯಾವಾಗ್ಲೂ ಯೇವಲಾ ಬಂದ ಕೂಡ್ಲೇ ಮಾಡುವವರು, ಇವತ್ತು ನಿಮ್ಮ ಫೋನೇ ಇಲ್ಲ. ಬಸ್ ಹಾಳಾಯ್ತಾ? ನಾನು ಅನ್ನಕ್ಕೆ ಇಟ್ಟಿದ್ದೇನೆ.”

ರಾಯರು ಹೋಗುವಾಗ ಕಿತ್ತುಹೋಗಿದ್ದ ಅಂಗಿಯ ಗುಂಡಿ ಬರುವಾಗ ಹೊಲಿದಿರುತ್ತಿತ್ತು. ಬಸ್‌ಸ್ಟ್ಯಾಂಡಿನ ದರ್ಜಿ ಇರಬೇಕೆಂದು ಕುಸುಮಾವತಿ ಅಂದುಕೊಂಡಿದ್ದರು. ಈ ಮೊಬೈಲನ್ನು ಎಷ್ಟು ಸಲ ತಾವೇ ಎತ್ತಿಕೊಟ್ಟಿದ್ದರು, “ತಕ್ಕೊಳ್ಳಿ, ನಿಮ್ಮ ಗಾಜಿನವ” ಎಂದು. ಹೆತ್ತ ಮಗಳ ಕೈಯ ಒಂದು ತುತ್ತು ಅನ್ನಕ್ಕೆ ಗಂಡನನ್ನು ಕಳ್ಳನ ಹಾಗೆ ಓಡಾಡಿಸಿದೆನಲ್ಲ!

“ಶ್ರೀಜಾ,” ಎಂದರು.

“...ಅಮ್ಮ?”

“ಅಪ್ಪ ಹೋದ್ರು ಮಗಾ. ಬಾ.”

ಆ ಕಡೆ ಕುಕ್ಕರು ಕೂಗಿತು. ಕೂಗುತ್ತಲೇ ಇತ್ತು, ಯಾರೂ ಆರಿಸಲಿಲ್ಲ.

ಸಂಜೆಯಾದರೆ ಕಷ್ಟ ಎಂದು ಭಟ್ಟರು ಗೊಣಗಿದರು. ಮಗಳು ಬರುತ್ತಾಳೆ, ಕಾಯಿರಿ ಎಂದಷ್ಟೇ ಹೇಳಿ ಕುಸುಮಾವತಿ ಹೆಣದ ತಲೆಯ ಹತ್ತಿರ ಕೂತುಬಿಟ್ಟರು. ನೆಂಟರು ಮುಖ ಮುಖ ನೋಡಿಕೊಂಡರು.

ಬಿಸಿಲು ಇಳಿಯುವ ಹೊತ್ತಿಗೆ ಟ್ಯಾಕ್ಸಿಯೊಂದು ಬಂದು ನಿಂತಿತು. ಶ್ರೀಜಾ ಮನೆಯಲ್ಲಿ ಉಟ್ಟ ಬಟ್ಟೆಯಲ್ಲೇ ಬಂದಿದ್ದಳು. ಗೇಟಿನ ತನಕ ಓಡಿ ಬಂದವಳು ಅಲ್ಲೇ ತಡೆದು ನಿಂತಳು.

“ಅಕ್ಕಾ, ಚಲ್ ನಾ, ಒಳಗೆ ಬಾ,” ಎಂದು ವರುಣ ಗೇಟು ತೆಗೆದು ಕೈ ಹಿಡಿದೆಳೆದ.

ಅವಳು ತಲೆಯಾಡಿಸಿದಳು. ತೆರೆದ ಬಾಗಿಲಿನಾಚೆಗೆ ತಾಯಿ ಕಾಣುತ್ತಿದ್ದರು. ಕುಸುಮಾವತಿ ಕರೆಯಲೆಂದು ಬಾಯಿ ತೆರೆದರು. ದಾಟಬೇಡ ಎಂದಿದ್ದ ಆ ಬಾಯಿಂದ ಸ್ವರವೇ ಹೊರಡಲಿಲ್ಲ. ಗಂಡಸರ ಕಡೆ ತಿರುಗಿದರು.

“ಎತ್ತಿ. ತಕ್ಕೊಂಡು ಹೋಗಿ ಅವಳ ಮುಂದೆ ಇಳಿಸಿ.”

“ಎತ್ತಿದ ಚಟ್ಟ ಮನೆ ಎದುರು ಇಳಿಸ್ಲಿಕ್ಕಿಲ್ಲ ಅಮ್ಮ,” ಎಂದರು ಭಟ್ಟರು.

“ಇಳಿಸಿ ಭಟ್ರೇ. ಇಷ್ಟು ವರ್ಷ ಅವರೇ ಹೋಗ್ತಿದ್ರು. ಇವತ್ತೂ ಅವರೇ ಹೋಗ್ಲಿ.”

ಬೀದಿಯಲ್ಲಿ, ಸಾಲಾಗಿ ನಿಲ್ಲಿಸಿದ್ದ ಸ್ಕೂಟರುಗಳ ಪಕ್ಕದಲ್ಲಿ ಚಟ್ಟ ಇಳಿಯಿತು. ಶ್ರೀಜಾ ಡಾಂಬರಿನ ಮೇಲೇ ಕುಸಿದು ಅಪ್ಪನ ಕೆನ್ನೆಗೆ ಕೆನ್ನೆ ಹಚ್ಚಿದಳು. ಬಾಯಿಗೆ ಬಿಡುವ ತುಳಸಿನೀರಿನ ಲೋಟ ಹಿಡಿದು ಕುಸುಮಾವತಿ ಗೇಟಿನ ತನಕ ಬಂದರು. ದಾಟಲು ಅವರಿಗೂ ಕಾಲು ಬರಲಿಲ್ಲ. ಲೋಟವನ್ನು ಗೇಟಿನಾಚೆಗೆ ಚಾಚಿ ಹಿಡಿದು ನಿಂತರು.

ಬಹಳ ಹೊತ್ತಿನ ಮೇಲೆ ಶ್ರೀಜಾ, ಮುಖ ಎತ್ತದೆ, ಹಿಂದಿರುಗಿ ನೋಡದೆ, ತಾಯಿ ನಿಂತ ಕಡೆಗೆ ಅಂಗೈ ಚಾಚಿದಳು.