ಮೋಡೆಮ್ ಯಾಕೆ ಮಿಣುಕುತ್ತಿತ್ತು

ವಿಚ್ಛೇದನದ ನಂತರ ಮಲ್ಲೇಶ ಡುವಾಲ್ ಎಂಬ ಸಣ್ಣ ಊರಿನ ಹೊರಗೆ, ಹೊಲಗಳ ನಡುವಿನ ಬಾಡಿಗೆ ಮನೆ ಸೇರಿದ. 2011ರಲ್ಲೂ ಅಲ್ಲಿ ಸಿಗುತ್ತಿದ್ದುದು ಫೋನ್ ತಂತಿಯ ಮೂಲಕ ನಿಧಾನವಾಗಿ ಬರುವ ಡಯಲ್-ಅಪ್ ಇಂಟರ್ನೆಟ್ ಮಾತ್ರ. ಒಂದು ಭಾನುವಾರ ಅವನು ಇಂಟರ್ನೆಟ್ ಹಚ್ಚಿ ಇನ್ನೂ ಏನೂ ಮಾಡದಿದ್ದರೂ ಮೋಡೆಮ್‌ನ ದೀಪ ಒಂದೇ ಸಮನೆ ಮಿಣುಕತೊಡಗಿತು. ಇಮೇಲ್ ತೆರೆಯಲು ನೋಡಿದರೆ ಅದೂ ತೆರೆದುಕೊಳ್ಳಲಿಲ್ಲ. ವೈರಸ್ ಇರಬೇಕೆಂದು ಒಂದೊಂದೇ ಪ್ರೋಗ್ರಾಂ ಪರೀಕ್ಷಿಸುತ್ತ ಹೋದ. ಕೊನೆಗೆ ಸಿಕ್ಕಿದ್ದು ಹಿಂದೆ ಗಂಡ ಹೆಂಡತಿ ಹಂಚಿಕೊಂಡಿದ್ದ, ಒಬ್ಬರು ಹಾಕಿದ್ದು ಇನ್ನೊಬ್ಬರ ಕಂಪ್ಯೂಟರಿಗೂ ತಾನಾಗಿ ಇಳಿಯುವ ಫೋಲ್ಡರ್. ಮಗಳು ಶೀತಲ್‌ಳ ಹುಟ್ಟುಹಬ್ಬದ ಫೋಟೋಗಳು ಅದರೊಳಗೆ ಇಳಿಯುತ್ತಿದ್ದವು. ಆ ಹಬ್ಬಕ್ಕೆ ಅವನನ್ನು ಕರೆದಿರಲಿಲ್ಲ.

ನಗರದ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿ ಮಗಳೊಂದಿಗಿದ್ದ ಮಾಜಿ ಹೆಂಡತಿ ವೈಶಾಲಿಗೆ ಮೊಬೈಲ್‌ನಿಂದ ಫೋನ್ ಮಾಡಿದ. "ಫೋಟೋ ನನ್ನ ಕಂಪ್ಯೂಟರಿಗೂ ಬರಾಕತ್ತಾವ. ನನ್ನ ಹೆಸರು ತಗಿಯಾಕ ಮರ್ತೀಯೇನ?"



"ಮರ್ತಿಲ್ಲ. ಇರ್ಲಿ ಬಿಡ್ರಿ."

ಸಂಜೆಯವರೆಗೆ ಮೂರು ಫೋಟೋ ಇಳಿದವು. ಮಲ್ಲೇಶ ಕುರ್ಚಿ ಬಿಟ್ಟು ಏಳಲಿಲ್ಲ.