ಎರಡು ಹೂವುಗಳ ವಾರ

ಈ ಗುಡ್ಡಗಳಿಗೆ ಕಾಫಿ ಬಂದು, ಕಾಫಿಯ ಹಿಂದೆ ಮೊಬೈಲೂ ಬಂದ ಕಾಲದಲ್ಲಿ, ಬಣಕಲ್ ಹತ್ತಿರದ ತೋಟವೊಂದರಲ್ಲಿ ರಶ್ಮಿ ಎಂಬ ಹುಡುಗಿಯಿದ್ದಳು. ಜಪಾನಿಗೆ ಹೋಗಿ ಚೆರ್ರಿ ಮರದಡಿ ಚಾಪೆ ಹಾಸಿ ಕೂರಬೇಕು, ಮಂಡಿಯೂರಿ ಚಹಾ ಕುಡಿಯಬೇಕು ಎಂದು ಹತ್ತು ದಿನದ ಪ್ರವಾಸದ ಪಟ್ಟಿಯನ್ನೇ ಬರೆದಿಟ್ಟಿದ್ದಳು. "ನಿನ್ನ ವೀಸಾ ಅರ್ಜಿ ಕೊಡ್ಸೋದು ನನ್ನ ಹೊಣೆ," ಎಂದು ಅಜ್ಜಿ ಕಲ್ಲಮ್ಮ ಮಾತು ಕೊಟ್ಟಿದ್ದರು.

ಆದರೆ ಚೆರ್ರಿ ಅರಳುವ ವಾರವೇ ಇಲ್ಲಿ ಕಾಫಿಗೆ ನೀರು ಹಾರಿಸಿ ಹೂ ಅರಳಿಸುವ ವಾರ. ಸ್ಪ್ರಿಂಕ್ಲರ್ ಪಂಪು ನೋಡಿಕೊಳ್ಳುವವಳು ರಶ್ಮಿಯೇ.

ಅರ್ಜಿಯ ಕೊನೆಯ ದಿನ ಬೆಳಗ್ಗೆ ಅವಳು ಆ ವಾರವೇ ಹೊರಡುವಳೆಂದು ಅಣ್ಣ ಶಶಿಕಿರಣ್‌ಗೆ ತಿಳಿಯಿತು.

"ಇಲ್ಲಿ ಮೊಗ್ಗು ಒಣಗಿ ಸಾಯ್ಲಿ, ನೀನಲ್ಲಿ ಹೂ ನೋಡ್ತಾ ಕೂತಿರು, ಅಲ್ವಾ ಮಾರಾಯ್ತಿ?"

ಕೆನ್ನೆಗೆ ಬಾರಿಸಿದ. ಅವಳು ಕೈಲಿದ್ದ ಪಾಸ್‌ಪೋರ್ಟ್ ಬಿಡಲಿಲ್ಲ. ಜಡೆ ಹಿಡಿದು ಅವಳ ಹಣೆಯನ್ನು ಬಾಗಿಲಿಗೆ ಎರಡು ಸಲ ಬಡಿದ. ರಕ್ತ ಕಣ್ಣಿಗಿಳಿಯಿತು. ಪಾಸ್‌ಪೋರ್ಟ್ ಕಿತ್ತುಕೊಂಡವನೇ ಬಚ್ಚಲೊಲೆಯ ಬೆಂಕಿಗೆ ಕೈ ಚಾಚಿದ.

ಕಲ್ಲಮ್ಮ ಗಿಡ ಸವರುವ ಕತ್ತಿ ತಿರುವಿ ಹಿಡಿದು, ಅದರ ಬೆನ್ನಿನಿಂದ ಮೊಮ್ಮಗನ ಮಣಿಕಟ್ಟಿಗೆ ಹೊಡೆದರು. ಮೂಳೆ ಲಟಕ್ಕನೆ ಮುರಿಯಿತು. ಅವನು ಚೀರುತ್ತ ಕುಸಿದ.

"ಪಂಪಿನ ಸ್ವಿಚ್ ಒತ್ತೋಕೆ ಇನ್ನೊಂದು ಕೈ ಇದ್ಯಲ್ಲ," ಎಂದರು ಅಜ್ಜಿ, ಪಾಸ್‌ಪೋರ್ಟ್ ಎತ್ತಿಕೊಳ್ಳುತ್ತ.

ಬಸ್ಸಿನ ದಾರಿಯುದ್ದಕ್ಕೂ ಅವರು ಸೆರಗಿನಿಂದ ರಶ್ಮಿಯ ಹಣೆ ಒತ್ತಿ ಹಿಡಿದಿದ್ದರು. ಮೂಡಿಗೆರೆಯ ವೀಸಾ ಏಜೆಂಟ್ ಬೆಚ್ಚಿದ.

"ಅಯ್ಯೋ, ಇದೇನಮ್ಮಾ ರಕ್ತ?"

"ನೀವು ಮೊದ್ಲು ಅರ್ಜಿ ತಗೊಳ್ಳಿ," ಎಂದರು ಅಜ್ಜಿ.

ಅವನು ಹಾಳೆಗಳನ್ನು ಮಗುಚಿ ನೋಡಿ, ಮೊಹರು ಒತ್ತಿ, ರಸೀದಿಯನ್ನು ಕಲ್ಲಮ್ಮನ ಕೈಗೆ ಕೊಟ್ಟ.