ಬೆಂಜಮಿನ್‌ನ ಸಾವಿಗೆ ಬಂದವರು

ಹಾವು ಸಾಕಿದ್ದೇನೆ ಎಂದು ನಾಲ್ಕು ಜನರೆದುರು ಹೇಳಿಕೊಳ್ಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ. ಊರಿನಲ್ಲಿದ್ದಾಗ ಗದ್ದೆಯ ಹುಣಿಯ ಮೇಲೆ ಕೇರೆ ಹಾವು ಕಂಡರೂ ಚಪ್ಪಲಿ ಅಲ್ಲೇ ಬಿಟ್ಟು ಓಡುತ್ತಿದ್ದವನು ನಾನು. ಅಂಥವನ ಮನೆಯಲ್ಲಿ, ಕುವೈತಿನ ರುಮೈಥಿಯಾದ ಒಂದು ವಿಲ್ಲಾದ ಮೇಲಿನ ಮಹಡಿಯಲ್ಲಿ, ಕಿತ್ತಳೆ ಬಣ್ಣದ ಹಾವೊಂದು ಗಾಜಿನ ಪೆಟ್ಟಿಗೆಯೊಳಗೆ ನಾಲ್ಕು ವರ್ಷ ಸುಖವಾಗಿ ಬಾಳಿತು. ಹೆಸರು ಬೆಂಜಮಿನ್.

ತಂದವನು ನನ್ನ ಮಗ ಶೇನ್. ಅವನ ಶಾಲೆಯ ಗೆಳೆಯನೊಬ್ಬ ಕುವೈತ್ ಬಿಟ್ಟು ಹೋಗುವಾಗ ಕೊಟ್ಟದ್ದು. ವಿಷವಿಲ್ಲದ ಜಾತಿ, ಕಾರ್ನ್ ಸ್ನೇಕ್ ಅಂತೆ. ಶೇನ್‌ನ ಹಾವಿನ ಪ್ರೀತಿ ಮನೆಗೆ ಗಿಟಾರ್ ಬರುವವರೆಗೆ ನಡೆಯಿತು. ಆಮೇಲೆ ಅವನು ಓದಲು ಮಣಿಪಾಲಕ್ಕೆ ಹೋದ; ಗಿಟಾರನ್ನು ಜೊತೆಗೆ ಒಯ್ದ, ಹಾವನ್ನು ನನಗೆ ಬಿಟ್ಟ. ಮೊದಮೊದಲು ನಾನು ಉದ್ದದ ಇಕ್ಕಳದಲ್ಲಿ ಸತ್ತ ಇಲಿಯನ್ನು ಹಿಡಿದು, ಮುಖ ಗೋಡೆಯ ಕಡೆಗೆ ತಿರುಗಿಸಿ, ಬಾಯಲ್ಲಿ ಜಪ ಮಾಡುತ್ತಾ ಅವನಿಗೆ ಊಟ ಕೊಡುತ್ತಿದ್ದೆ. ಬರುಬರುತ್ತಾ ಮುಖ ತಿರುಗಿಸುವುದು ಬಿಟ್ಟೆ. ಇನ್ನೂ ಸ್ವಲ್ಪ ಕಾಲಕ್ಕೆ ಅವನು ನನ್ನ ಮುಂಗೈಗೆ ಸುತ್ತಿಕೊಂಡು ಕೂತರೆ, ನಾನು ಟಿವಿಯಲ್ಲಿ ಸುದ್ದಿ ನೋಡುತ್ತಾ ಅವನಿಗೆ ದೇಶದ ಸ್ಥಿತಿಗತಿ ವಿವರಿಸುವವನಾದೆ. ಮಧ್ಯೆ ಬಾಯಿ ಹಾಕದೆ ನನ್ನ ಮಾತು ಕೇಳುವ ಜೀವ ಆ ಮನೆಯಲ್ಲಿ ಅದೊಂದೇ.

ನನ್ನ ಹೆಂಡತಿ ಆಲಿವ್ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್. ಅವಳು ಬೆಂಜಮಿನ್‌ನನ್ನು ಒಮ್ಮೆಯೂ ಮುಟ್ಟಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಅವಳ ಪಾಲಿಗೆ ಅದು ‘ಅದು’. ಫ್ರೀಜರಿನಲ್ಲಿ ಇಲಿಗಳ ಡಬ್ಬ ಇಡಲು ಮಾತ್ರ ಒಪ್ಪಿದ್ದಳು, ಒಂದು ಷರತ್ತಿನ ಮೇಲೆ: “ಆ ಡಬ್ಬಕ್ಕೂ ನನ್ನ ಬಂಗುಡೆಗೂ ಮಧ್ಯೆ ಕಡಿಮೆ ಅಂದ್ರೂ ಒಂದು ಕೋಳಿ ಇರ್ಬೇಕು.”

ವಿಲ್ಲಾದ ಮಾಲೀಕರು ಕೆಳಗಿನ ಮನೆಯಲ್ಲೇ ಇದ್ದುದರಿಂದ ಹಾವಿನ ವಿಷಯ ಹೊರಗೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಶರ್ಕ್ ಬಡಾವಣೆಯ ನಮ್ಮ ಇನ್ಶೂರೆನ್ಸ್ ಆಫೀಸಿನಲ್ಲೂ ನಾನು ಬಾಯಿ ಬಿಡಲಿಲ್ಲ. ಆಲಿವ್ ಮನೆಯಲ್ಲಿರುವ ದಿನ ಮಧ್ಯಾಹ್ನ ಅವಳಿಗೆ ಫೋನ್ ಮಾಡಿ, “ಬೆಂಜಮಿನ್ ಹೇಗಿದ್ದಾನೆ? ಅಲುಗಾಡಿದ್ನಾ? ಚಳಿ ಆಗ್ತಿಲ್ಲ ಅಲ್ವಾ?” ಎಂದು ಕೇಳುತ್ತಿದ್ದೆ. ಪಕ್ಕದ ಮೇಜಿನಲ್ಲಿ ಕೂರುವ ಮುತ್ತಲಿಬ್, ಉಳ್ಳಾಲದ ಬ್ಯಾರಿ, ನನಗೆ ಬಹಳ ವರ್ಷದ ಸ್ನೇಹಿತ, ಇದನ್ನೆಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿ ಕೆಲಸ ಮುಂದುವರಿಸುತ್ತಿದ್ದರು. ಒಮ್ಮೆಯೂ ಯಾರು ಏನು ಎಂದು ಕೇಳಲಿಲ್ಲ. ಎಷ್ಟು ಮರ್ಯಾದಸ್ಥ ಮನುಷ್ಯ ಎಂದುಕೊಂಡಿದ್ದೆ.

ಈ ವರ್ಷ ಬೆಂಜಮಿನ್ ದಪ್ಪಗಾಗತೊಡಗಿದ. ಹೊಟ್ಟೆಯ ಕೆಳಭಾಗ ತುಂಬಿಕೊಂಡು ಮೈಗೆ ಹೊಳಪು ಬಂತು. ನಾನು ಫೋಟೋ ತೆಗೆದು ಶೇನ್‌ಗೆ ಕಳಿಸಿದೆ, “ನೋಡು, ನಿನ್ನ ಕೈಯಲ್ಲಿದ್ದಾಗ ಕಡ್ಡಿ ಹಾಗಿದ್ದ” ಎಂದು ಬರೆದೆ. ಊಟ ಬಿಟ್ಟಾಗಲೂ ಹೊಟ್ಟೆ ತುಂಬಿರಬೇಕು ಎಂದುಕೊಂಡೆ. ಆಲಿವ್ ಒಂದು ಸಂಜೆ ಪೆಟ್ಟಿಗೆಯ ಹತ್ತಿರ ನಿಂತು, “ಯಾಕೆ ಅದು ಹೀಗೆ ಒದ್ದಾಡ್ತದೆ?” ಎಂದಳು. “ವ್ಯಾಯಾಮ” ಎಂದೆ. ನಿಜಕ್ಕೂ ಹಾಗೇ ಹೇಳಿದೆ.

ಗುರುವಾರ ಬೆಳಿಗ್ಗೆ ಎತ್ತಿದರೆ ಅವನು ಹಗ್ಗದ ಹಾಗೆ ಜೋತುಬಿದ್ದ. ತಲೆದಿಂಬಿನ ಕವರಿನಲ್ಲಿ ಹಾಕಿಕೊಂಡು, ಲುಂಗಿಯ ಮೇಲೆ ಆಫೀಸಿನ ಅಂಗಿ ತೊಟ್ಟು, ಕಾರು ಓಡಿಸಿಕೊಂಡು ಪ್ರಾಣಿಗಳ ಡಾಕ್ಟರ ಬಳಿಗೆ ಹೋದೆ. ಸಿರಿಯಾದ ಯುವತಿ ಆಕೆ. ಅಲ್ಲಿ ಕೂತಿದ್ದ ಬೆಕ್ಕಿನ ಒಡತಿಯರು ನನ್ನ ಲುಂಗಿಯನ್ನು ನೋಡಿದರು, ಕವರನ್ನು ನೋಡಿದರು, ಎದ್ದು ದೂರ ಕೂತರು.

ಡಾಕ್ಟರ್ ಹೊಟ್ಟೆ ಒತ್ತಿ, ಸ್ಕ್ಯಾನ್ ಮಾಡಿ, ಮೆಲ್ಲಗೆ ಹೇಳಿದರು. “ಐ ಆಮ್ ಸಾರಿ. ಶಿ ಈಸ್ ಗಾನ್.”

“ಹಿ” ಎಂದೆ ನಾನು.

“ಶಿ, ಸರ್. ಹೊಟ್ಟೆ ತುಂಬ ಮೊಟ್ಟೆ. ಇಡಲಿಕ್ಕಾಗದೆ ಒಳಗೇ ಸಿಕ್ಕಿಹಾಕಿಕೊಂಡಿವೆ. ಗಂಡು ಇಲ್ಲದಿದ್ದರೂ ಹೆಣ್ಣು ಹಾವು ಮೊಟ್ಟೆ ಕಟ್ಟುತ್ತದೆ. ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು.”

ನಾಲ್ಕು ವರ್ಷ ಜೊತೆಗಿದ್ದು, ಎದುರಿಗಿರುವುದು ಗಂಡೋ ಹೆಣ್ಣೋ ಎನ್ನುವುದೂ ತಿಳಿಯದ ಗೃಹಸ್ಥ ನಾನು. ನಾನು ಹೊಗಳಿ ಹೊಗಳಿ ಫೋಟೋ ತೆಗೆದದ್ದು ಅವಳ ಹೆರಿಗೆ ನೋವನ್ನು. ಕಾರಿನಲ್ಲಿ ಕೂತು ಅತ್ತೆ. ಕಣ್ಣೊರೆಸಿಕೊಳ್ಳಲು ಏನೂ ಸಿಗದೆ ಲುಂಗಿಯ ಅಂಚೇ ಗತಿಯಾಯಿತು. ಆಮೇಲೆ ಆಫೀಸಿನ ಗುಂಪಿಗೆ ವಾಟ್ಸಾಪ್ ಮಾಡಿದೆ: ಬೆಂಜಮಿನ್ ತೀರಿಕೊಂಡ, ಇವತ್ತು ಬರಲಾಗುವುದಿಲ್ಲ. ಆ ಹೊತ್ತಿನಲ್ಲಿ ಬುದ್ಧಿ ನೆಟ್ಟಗಿದ್ದಿದ್ದರೆ ಜ್ವರ ಎಂದು ಬರೆಯುತ್ತಿದ್ದೆ.

ಶೇನ್‌ಗೆ ಫೋನ್ ಮಾಡಿದೆ. “ಓ ನೋ ಡ್ಯಾಡಾ” ಎಂದ. ಆಮೇಲೆ, “ವೇಟ್, ಹಿ ವಾಸ್ ಸ್ಟಿಲ್ ಅಲೈವ್?” ಎಂದು ಕೇಳಿದ. ನಾನು ಕಳಿಸಿದ ಫೋಟೋಗಳನ್ನು ಅವನು ತೆರೆದೇ ನೋಡಿರಲಿಲ್ಲ.

ಮನೆಗೆ ಬಂದು ಕವರನ್ನು ಹಾಗೆಯೇ ಫ್ರೀಜರಿನಲ್ಲಿಟ್ಟೆ, ಬಂಗುಡೆಗೂ ಅದಕ್ಕೂ ಮಧ್ಯೆ ಕೋಳಿ ಬರುವಂತೆ. ಸಂಜೆ ಆಲಿವ್ ಡ್ಯೂಟಿ ಮುಗಿಸಿ ಬಂದಳು. ಖಾಲಿ ಪೆಟ್ಟಿಗೆ ನೋಡಿ, “ಅಂತೂ ಓಡಿಹೋಯ್ತಾ?” ಎಂದು ನಗಲು ಹೊರಟಳು. ನಾನು ಡಾಕ್ಟರ್ ಹೇಳಿದ್ದನ್ನು ಹೇಳಿದೆ. ಅವಳ ನಗು ಅರ್ಧಕ್ಕೇ ನಿಂತಿತು. ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಅದೇ ಹೊತ್ತಿಗೆ ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಮುತ್ತಲಿಬ್, ಅವರ ಹೆಂಡತಿ ಶಮೀಮಾ. ಶಮೀಮಾರ ಕೈಯಲ್ಲಿ ದೊಡ್ಡ ಪಾತ್ರೆ. ಪತ್ತಿರ್ ರೊಟ್ಟಿ, ಕೋಳಿ ಸಾರಿನ ಪರಿಮಳ. ಮುತ್ತಲಿಬ್ ನನ್ನ ಎರಡೂ ಕೈ ಹಿಡಿದುಕೊಂಡರು. ನಮ್ಮೂರ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ ಅವರು ನನ್ನನ್ನು ‘ಪೊರ್ಬು’ ಎಂದೇ ಕರೆಯುವುದು.

“ಪೊರ್ಬುಗಳೇ, ಎಂತ ಹೇಳುವುದು ಗೊತ್ತಾಗುವುದಿಲ್ಲ. ಇಷ್ಟು ವರ್ಷ ನೋಡಿಕೊಂಡ್ರಿ. ಎಲ್ಲರಿಗೂ ಆಗುವ ಕೆಲಸ ಅಲ್ಲ.”

ಬೆಳಿಗ್ಗೆಯಿಂದ ನನಗೆ ಸಮಾಧಾನ ಹೇಳಿದ ಮೊದಲ ಮನುಷ್ಯ. ಅವರಿಗೆ ವಿಷಯ ಹೇಗೋ ಗೊತ್ತಾಗಿದೆ, ಗೊತ್ತಿದ್ದೂ ದುಃಖ ಹಂಚಿಕೊಳ್ಳಲು ಬಂದಿದ್ದಾರೆ ಎಂದು ನಂಬಿ, ಆ ದೊಡ್ಡ ಮನಸ್ಸಿಗೆ ಕರಗಿ, ಅವರ ಹೆಗಲ ಮೇಲೆ ತಲೆಯಿಟ್ಟೆ.

“ಕಡೆಗೆ ತುಂಬ ಕಷ್ಟಪಟ್ರಾ?” ಶಮೀಮಾ ಕೇಳಿದರು.

“ಒದ್ದಾಡಿದ್ದು ನಂಗೆ ಅರ್ಥವೇ ಆಗ್ಲಿಲ್ಲ. ಮಾತು ಇರ್ಲಿಲ್ವಲ್ಲ.”

“ಗೊತ್ತುಂಟು” ಎಂದರು ಮುತ್ತಲಿಬ್. “ಮಾತಿಲ್ಲ, ಮಲಗಿದಲ್ಲೇ. ನೀವು ಫೋನಲ್ಲಿ ಹೇಳುವುದು ಕೇಳಿ ನಾನು ಎಷ್ಟು ಸಲ ದುಆ ಮಾಡಿದ್ದೇನೆ.” ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ತೀರಿಕೊಂಡವರನ್ನು ಊರಿಗೆ ಕಳಿಸಲು ಓಡಾಡುವ ಒಂದು ಸಂಘದಲ್ಲಿ ಅವರಿದ್ದಾರೆ. “ಈಗ ಕೆಲಸದ ಮಾತು. ಬಾಡಿ ಊರಿಗೆ ಕಳಿಸುವುದಾ, ಇಲ್ಲೇ ಮಾಡುವುದಾ? ಇಕಾಮಾ ಯಾರ ಹೆಸರಲ್ಲಿ ಇತ್ತು?”

ಆಗ ನನಗೆ ಎಲ್ಲ ಅರ್ಥವಾಯಿತು. ಅಲ್ಲೇ ನಿಜ ಹೇಳಿಬಿಡಬೇಕಿತ್ತು. ಆದರೆ ಅವರ ಹೆಗಲು ನನ್ನ ಕಣ್ಣೀರಿನಿಂದ ಒದ್ದೆಯಾಗಿತ್ತು.

ಈ ದೇಶದಲ್ಲಿ ವಾಸಿಸುವ ಪರವಾನಗಿ ಹಾವಿಗೆಲ್ಲಿಂದ? “ಇಕಾಮಾ ಇರ್ಲಿಲ್ಲ” ಎಂದೆ.

ಮುತ್ತಲಿಬ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಇಕಾಮಾ ಇಲ್ಲದೆ ನಾಲ್ಕು ವರ್ಷವಾ? ವಿಸಿಟ್ ವೀಸಾದಲ್ಲಿ ಬಂದು ಉಳಿದದ್ದಾ?”

“ಅಲ್ಲ. ಡಬ್ಬದಲ್ಲಿ ಬಂದದ್ದು.”

“ಕಂಟೇನರಾ? ಯಾ ಅಲ್ಲಾಹ್! ಆಗ್ಲಿ, ಆಗ್ಲಿ. ನಾನು ಯಾರಿಗೂ ಹೇಳುವುದಿಲ್ಲ. ಈಗ ಯಾವ ಆಸ್ಪತ್ರೆಯಲ್ಲಿ ಇಟ್ಟಿದ್ದೀರಿ?”

“ಫ್ರೀಜರಲ್ಲಿ.”

“ಹೌದು, ಯಾವ ಆಸ್ಪತ್ರೆಯ?”

“ನಮ್ಮದೇ” ಎಂದು ಅಡುಗೆಮನೆಯ ಕಡೆ ಕೈ ತೋರಿಸಿದೆ.

ಮುತ್ತಲಿಬ್ ಎದ್ದು ನಿಂತರು. ಶಮೀಮಾ ಪಾತ್ರೆಯನ್ನು ಎದೆಗವಚಿಕೊಂಡು ಬಾಗಿಲಿಗೆ ಸರಿದರು. ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದ ಆಲಿವ್ ಕಡೆಯ ಎರಡು ಮಾತು ಕೇಳಿಸಿಕೊಂಡಿದ್ದಳು.

“ಹಾವು ಮಾರಾಯ್ರೆ, ಹಾವು! ಬೆಂಜಮಿನ್ ಅಂದ್ರೆ ಹಾವು! ಯೂಜಿನ್, ನಿಂಗೆ ಬಾಯಿ ಇಲ್ವಾ?”

ಮೊದಲು ನಕ್ಕವರು ಶಮೀಮಾ. ಪಾತ್ರೆ ಕೆಳಗಿಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿ, ಸೋಫಾದ ಮೇಲೆ ಕುಸಿದು ನಕ್ಕರು. ಮುತ್ತಲಿಬ್ ನಗಲಿಲ್ಲ.

“ನಾನು ನಿಮ್ಮ ಅಣ್ಣ ಅಂತ ತಿಳ್ಕೊಂಡಿದ್ದೆ. ಲಕ್ವ ಹೊಡೆದು ಮಲಗಿದವರು ಅಂತ. ಕೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಕೇಳ್ಲಿಲ್ಲ. ಉಮ್ರಾಕ್ಕೆ ಮಕ್ಕಾಕ್ಕೆ ಹೋದಾಗಲೂ ಹೆಸರು ಹಿಡಿದು ದುಆ ಮಾಡಿದ್ದೇನೆ ಪೊರ್ಬುಗಳೇ. ಹಾವಿಗೆ!”

ನಾನು ತಲೆ ತಗ್ಗಿಸಿ ಕೂತೆ. ಕ್ಷಮೆ ಕೇಳಲು ಬಾಯಿ ತೆರೆದರೆ ಬಿಕ್ಕಳಿಕೆ ಬಂತು. ಹೀಗೆ ಅಳುವವನನ್ನು ಬೈಯುವುದು ಹೇಗೆಂದು ಮುತ್ತಲಿಬ್‌ಗೂ ತೋಚಲಿಲ್ಲವೆನಿಸುತ್ತದೆ. ಪಾತ್ರೆಯ ಮುಚ್ಚಳ ತೆಗೆದು ಒಂದು ಪತ್ತಿರ್ ಹರಿದು ನನ್ನ ಕೈಗಿಟ್ಟರು. “ತಿನ್ನಿ. ನಾಳೆ ಜುಮಾ ನಮಾಜು ಮುಗಿಸಿ ಬರ್ತೇನೆ. ಎಲ್ಲಾದ್ರೂ ಮಣ್ಣು ಮಾಡುವ.”

ಮರುದಿನ ನಾವು ನಾಲ್ವರೂ ಅವರ ಕಾರಿನಲ್ಲಿ ನಗರದಿಂದ ದೂರದ ಮೀನಾ ಅಬ್ದುಲ್ಲಾ ಎಂಬಲ್ಲಿಗೆ ಹೋದೆವು. ಅಲ್ಲಿ ಶಮೀಮಾರ ತಮ್ಮ ಸೈದು ಒಂದು ಗ್ಯಾರೇಜ್ ನಡೆಸುತ್ತಾನೆ. ಹಿಂದೆ ಖಾಲಿ ಅಂಗಳ, ಬೇಲಿಯ ಪಕ್ಕ ಒಂದು ಬೋರೆ ಹಣ್ಣಿನ ಮರ. ಆ ಬಿಸಿಲಿನಲ್ಲಿ ಹಾರೆ ಹಾಕಿದರೆ ನೆಲ ಠಣ್ ಎನ್ನುತ್ತಿತ್ತು. ಎರಡು ಏಟಿಗೆ ನನಗೆ ಏದುಸಿರು ಬಂತು. ಮೂರನೆಯದು ನನ್ನ ಚಪ್ಪಲಿಗೇ ಬಿತ್ತು. ಕಡೆಗೆ ಗುಂಡಿ ತೋಡಿದವರು ಮುತ್ತಲಿಬ್. ಕವರಿನಲ್ಲಿರುವುದು ಏನೆಂದು ತಿಳಿದ ಕೂಡಲೇ ಸೈದು ಪಿಕಪ್‌ನ ಹಿಂಭಾಗ ಹತ್ತಿ ನಿಂತಿದ್ದ.

“ಭಾವ, ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ?” ಅಲ್ಲಿಂದಲೇ ಕೂಗಿದ. “ಬೀದಿಯಲ್ಲಿರುವ ಬಲದಿಯಾದವರ ಕಸದ ಡಬ್ಬಕ್ಕೆ ಹಾಕಿದ್ರೆ ಖಲಾಸ್!”

“ಬಾಯಿ ಮುಚ್ಚು ನೀನು” ಎಂದರು ಮುತ್ತಲಿಬ್, ಬೆವರು ಒರೆಸಿಕೊಳ್ಳುತ್ತಾ. “ನಾಲ್ಕು ವರ್ಷ ಅವರ ಮನೆಯಲ್ಲಿ ಇದ್ದದ್ದು. ಕಸ ಅಲ್ಲ.”

ನಿನ್ನೆಯಷ್ಟೇ ಮೋಸಹೋದ ಮನುಷ್ಯ ಈ ಮಾತು ಹೇಳಿದ್ದು. ನನಗೆ ಅವರ ಮುಖ ನೋಡಲಾಗಲಿಲ್ಲ. ಕವರನ್ನು ಗುಂಡಿಯಲ್ಲಿ ಇಳಿಸಿದೆ. ಫ್ರೀಜರಿನ ತಂಪಿಗೆ ಬಟ್ಟೆಯ ಮೇಲೆ ಹನಿ ಕಟ್ಟಿತ್ತು.

“ಏನಾದ್ರೂ ಹೇಳಿ” ಎಂದರು ಮುತ್ತಲಿಬ್.

ನಮ್ಮಲ್ಲಿ ಸತ್ತವರಿಗೆ ಹೇಳುವ ಪ್ರಾರ್ಥನೆ ಒಂದಿದೆ, ಬಾಯಿಪಾಠ. ಹಾವಿಗೆ ಹೇಳಿದರೆ ಪಾದ್ರಿಗಳು ಏನನ್ನುತ್ತಾರೋ ಎಂಬ ಅಳುಕಿನಲ್ಲೇ ಶುರುಮಾಡಿದೆ. “ದೇವರೇ, ಅವನಿಗೆ...” ಎಂದವನು ತಡವರಿಸಿದೆ.

“ಅವಳಿಗೆ” ಎಂದಳು ಆಲಿವ್.

ತಿರುಗಿ ನೋಡಿದೆ. ಅವಳು ಬಿಸಿಲಿಗೆ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಗುಂಡಿಯನ್ನೇ ನೋಡುತ್ತಿದ್ದಳು. “ಅವಳಿಗೆ ಅಂತ ಹೇಳು. ಮೊದಲಿಂದ ಹೇಳು.”

ಮೊದಲಿನಿಂದ ಹೇಳಿದೆ. ಆಲಿವ್ ಜೊತೆಗೂಡಿದಳು. ಮುತ್ತಲಿಬ್ ಹಾರೆ ಹಿಡಿದು ನಿಂತಿದ್ದರು. ಮಣ್ಣು ಮುಚ್ಚುವಾಗ ಸೈದು ಪಿಕಪ್‌ನಿಂದ ಇಳಿದು ಬಂದು, ಎರಡು ಹೆಜ್ಜೆ ದೂರದಿಂದಲೇ ಒಂದು ಹಿಡಿ ಎಸೆದ.

ಭಾನುವಾರ ಆಫೀಸಿಗೆ ಹೋದೆ. ಮುತ್ತಲಿಬ್ ಯಾರಿಗೂ ಏನೂ ಹೇಳಿರಲಿಲ್ಲ. ಅದೇ ತೊಂದರೆಯಾಯಿತು. ಮ್ಯಾನೇಜರ್ ಬಂದು ಭುಜ ತಟ್ಟಿದರು. ಎಲ್ಲರೂ ಸೇರಿ ತರಿಸಿದ ಬಿಳಿ ಲಿಲ್ಲಿಗಳ ದೊಡ್ಡ ಗುಚ್ಛ ನನ್ನ ಮೇಜಿನ ಮೇಲಿತ್ತು. ಕಾರ್ಡಿನಲ್ಲಿ ‘ಬೆಂಜಮಿನ್ ಲೋಬೊ ಅವರ ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಇಂಗ್ಲಿಷಿನಲ್ಲಿ ಬರೆದು ಎಲ್ಲರೂ ಸಹಿ ಮಾಡಿದ್ದರು. ಮುತ್ತಲಿಬ್‌ರ ಸಹಿಯೂ ಇತ್ತು. ಅವರ ಕಡೆ ನೋಡಿದರೆ ಕಂಪ್ಯೂಟರಿನಿಂದ ಕಣ್ಣು ತೆಗೆಯಲೇ ಇಲ್ಲ. ಭುಜ ಮಾತ್ರ ಕುಣಿಯುತ್ತಿತ್ತು.

ಹೂವು, ಕಾರ್ಡು ಎರಡನ್ನೂ ಮನೆಗೆ ತಂದೆ. ಆಲಿವ್ ಕಾರ್ಡನ್ನು ಗಟ್ಟಿಯಾಗಿ ಓದಿದಳು. ನಮ್ಮ ಮನೆಹೆಸರು ‘ಲೋಬೊ’ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಊಟದ ಮೇಜನ್ನು ಹಿಡಿದುಕೊಂಡಳು. ಹಾಗೆ ನಗುತ್ತಿದ್ದವಳ ದನಿ ಯಾವಾಗ ಬದಲಾಯಿತೋ ನನಗೆ ತಿಳಿಯಲಿಲ್ಲ.

“ದಿನಾ ಹೆರಿಗೆ ಮಾಡಿಸ್ತೇನೆ ಯೂಜಿನ್” ಎಂದಳು. “ಒದ್ದಾಡುವುದು ನೋಡಿದ್ದೆ. ಕೇಳಿದ್ದೂ ಕೇಳಿದ್ದೆ. ಹತ್ತಿರ ಹೋಗಿ ನೋಡ್ಲಿಲ್ಲ.”

“ನಾನು ವ್ಯಾಯಾಮ ಅಂದೆನಲ್ಲ” ಎಂದೆ. ಸಮಾಧಾನ ಮಾಡುವ ಮಾತು ನನಗೆ ಅಷ್ಟೇ ಬರುವುದು. ಅವಳು ಮೂಗು ಒರೆಸಿಕೊಳ್ಳುತ್ತಾ ಮತ್ತೆ ನಕ್ಕಳು, ನನ್ನ ತೋಳಿಗೆ ಒಂದು ಬಲವಾದ ಏಟು ಕೊಟ್ಟಳು. ಆಮೇಲೆ ಹೂಗಳ ಕಾಂಡವನ್ನು ಓರೆಯಾಗಿ ಕತ್ತರಿಸಿ ಜಗ್ಗಿನಲ್ಲಿ ನೀರು ಹಾಕಿ ಇಟ್ಟಳು, ಕುಕ್ಕರ್ ಒಲೆಯ ಮೇಲೇರಿಸಿದಳು, ನನ್ನನ್ನು ಈರುಳ್ಳಿ ಹೆಚ್ಚಲು ಕೂರಿಸಿದಳು.